ಹಿಂದೆ ಕೂತು ಗಾಡಿ ನೋಡಿದವನು

ಅವನ ಬಲಗಾಲಿಗೆ ಅದರದೇ ಬುದ್ಧಿಯಿತ್ತು. ಉಳಿದ ದೇಹಕ್ಕೆ ಅಷ್ಟೂ ಇಲ್ಲವೆಂದು ಹೆಂಡತಿ ಹೇಳುತ್ತಿದ್ದಳು, ಅವನು ತಕರಾರು ಮಾಡುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಿರಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿರಲಿ, ಕಣ್ಣೆದುರು ಏನಾದರೂ ಅಡ್ಡ ಬಂತೆಂದರೆ ಆ ಕಾಲು ಮುಂದಕ್ಕೆ ಚಾಚಿ ನೆಲ ಒತ್ತುತ್ತಿತ್ತು. ಒಮ್ಮೆ ಸಿನಿಮಾದಲ್ಲಿ ಲಾರಿಯೊಂದು ಪ್ರಪಾತದ ಕಡೆಗೆ ನುಗ್ಗಿದಾಗ, ಮುಂದಿನ ಸಾಲಿನ ಹೆಂಗಸು ಕುರ್ಚಿಯ ಕೆಳಗೆ ಇಟ್ಟಿದ್ದ ಕೈಚೀಲವನ್ನು ಅಪ್ಪಚ್ಚಿ ಮಾಡಿದ್ದ. ಲಾರಿ ಹೇಗೂ ಬಿತ್ತು. ಚೀಲದಲ್ಲಿದ್ದ ಕನ್ನಡಕವೂ ಹೋಯಿತು.

ಇದೆಲ್ಲ ಕಸುಬಿನ ಪ್ರಸಾದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಆ ಸ್ಕೂಲಿನ ಪುಟ್ಟ ಬಿಳಿ ಕಾರಿನಲ್ಲಿ ಕಲಿಯುವವರ ಕಾಲಡಿ ಇರುವಂತೆಯೇ ಕಲಿಸುವವನ ಕಾಲಡಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಸ್ಟೀರಿಂಗು ಕಲಿಯುವವರ ಕೈಯಲ್ಲಿ, ಗೇರು ಕಲಿಯುವವರ ಕೈಯಲ್ಲಿ, ಜೀವ ಮಾತ್ರ ಇವನ ಕಾಲಡಿ. ಮುದುಕರು, ಮದುಮಕ್ಕಳು, ಪರೀಕ್ಷೆ ಮುಗಿಸಿ ರಜೆಯಲ್ಲಿ ಬಂದ ಹುಡುಗಿಯರು, ಹೆಂಡತಿಗೆ ಹೇಳದೆ ಕಲಿಯಲು ಬಂದ ಗಂಡಂದಿರು, ಎಲ್ಲರನ್ನೂ ಅವನು ಗೋಡೆಗೆ, ಕಂಬಕ್ಕೆ, ಒಮ್ಮೆ ಐಸ್‌ಕ್ರೀಮ್ ಗಾಡಿಗೆ, ಒಂದು ಗೇಣು ಉಳಿದಿರುವಾಗ ತಡೆದು ನಿಲ್ಲಿಸಿದ್ದ. ಆದ್ದರಿಂದ ಊರಿನಲ್ಲಿ ಅವನ ಹೆಸರು ಬ್ರೇಕ್ ಮೇಷ್ಟ್ರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಈ ಕೆಲಸಕ್ಕೆ ಅವನು ಸುಮ್ಮನೆ ಬಂದು ಬಿದ್ದಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನಿಗೊಂದು ಮೋಟರ್‌ಸೈಕಲ್ ಇತ್ತು. ಅದರ ಮೇಲೆ ಕೂತರೆ ತಾನು ನೋಡಲು ಸುಮಾರಾಗಿದ್ದೇನೆ ಎಂಬ ಭ್ರಮೆಯೂ ಇತ್ತು. ಒಂದು ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟವನು ತಿರುವಿನಲ್ಲಿ ಯಾವುದೋ ಲಾರಿ ಚೆಲ್ಲಿ ಹೋಗಿದ್ದ ಆಯಿಲ್ ಮೇಲೆ ಜಾರಿದ. ಇವನಿಗೆ ಮೊಣಕೈ ತರಚಿತು. ಅವಳ ಮುಂದಿನ ಹಲ್ಲಿನ ತುದಿ ಮುರಿಯಿತು. ಯಾರದೂ ತಪ್ಪಿರಲಿಲ್ಲ, ಅವಳು ರಸ್ತೆಯಲ್ಲೇ ಕೂತು, ತುಟಿಯ ರಕ್ತ ಒರೆಸಿಕೊಳ್ಳುತ್ತಾ, "ಹಲ್ಲು ಹುಡುಕ್ರೀ, ಅಂಟಿಸಬಹುದು" ಎಂದು ನಕ್ಕಿದ್ದಳು. ಹಲ್ಲಿನ ಚೂರು ಸಿಗಲಿಲ್ಲ. ಕಟ್ಟಿಸಿಕೊಳ್ಳೋಣವೆಂದರೆ ಅವಳು ಒಪ್ಪಲೂ ಇಲ್ಲ. "ಇರ್ಲಿ ಬಿಡಿ, ನಕ್ಕಾಗ ಗಾಳಿ ಆಡುತ್ತೆ." ಆದರೆ ಅವಳು ನಕ್ಕಾಗಲೆಲ್ಲ ಅವನಿಗೆ ಆ ತಿರುವು ಕಾಣಿಸುತ್ತಿತ್ತು. ಅವಳೋ ದಿನಕ್ಕೆ ಹತ್ತು ಸಲ ನಗುವ ಪೈಕಿ.

ಗಾಡಿ ಮಾರಿದ. ಸ್ಕೂಲಿನ ಕೆಲಸಕ್ಕೆ ಸೇರಿದ. ಬೇರೆಯವರು ಓಡಿಸಲಿ, ತನ್ನ ಕಾಲಡಿ ಒಂದು ಬ್ರೇಕಿದ್ದರೆ ಸಾಕು ಎನ್ನುವ ಮನುಷ್ಯನಿಗೆ ಜಗತ್ತಿನಲ್ಲಿ ಇದಕ್ಕಿಂತ ಹೊಂದುವ ಉದ್ಯೋಗ ಇನ್ನೊಂದಿರಲಿಲ್ಲ.

ಹೀಗೆ ನೆಮ್ಮದಿಯಾಗಿದ್ದವನನ್ನು ಎಬ್ಬಿಸಿದ್ದು ಒಂದು ಕಿಟಕಿ.

ಹೆಂಡತಿ ಪುಸ್ತಕ ಹೊಲಿದು ರಟ್ಟು ಕಟ್ಟುವ ಬೈಂಡಿಂಗ್ ಕೆಲಸದವಳು. ಪ್ರೆಸ್ಸಿನ ಮೆಟ್ಟಿಲ ಕೆಳಗೆ, ಮೂರು ಕಡೆ ಗೋಡೆ, ತಲೆಗೆ ತಾಗುವ ಇಳಿಜಾರು, ಪಕ್ಕದಲ್ಲಿ ಅಂಟಿನ ಡಬ್ಬಿ; ಅದೇ ಅವಳ ಜಾಗ. ಮೇಲೆ ಯಾರು ಹತ್ತಿದರು, ಯಾರು ಇಳಿದರು ಎಂಬುದನ್ನು ಚಪ್ಪಲಿಯ ಸದ್ದಿನಿಂದಲೇ ಹೇಳುತ್ತಿದ್ದಳು. ಒಂದು ಸಂಜೆ ಮನೆಗೆ ಬಂದವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು.

"ರೀ, ಊರಾಚೆ ಹೊಸ ಬೈಂಡಿಂಗ್ ಘಟಕ ಶುರು ಮಾಡ್ತಾರಂತೆ. ನನ್ನನ್ನೇ ನೋಡ್ಕೋ ಅಂತಿದಾರೆ. ಕೈಕೆಳಗೆ ಜನ ಇರ್ತಾರೆ."

"ಬಡ್ತಿ ಅನ್ನು! ಸಂಬಳ?"

"ಅದೂ ಜಾಸ್ತಿ. ಆದ್ರೆ..." ಅವಳು ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. "ನಾನು ಹೋಗಿ ನೋಡ್ಕೊಂಡು ಬಂದೆ. ನನ್ನ ಮೇಜಿನ ಪಕ್ಕ ಕಿಟಕಿ ಇದೆ ಕಣ್ರೀ. ದೊಡ್ಡದು. ಆಚೆ ಕಡೆ ಬರೀ ಬಯಲು."

ಅವಳು ಸಂಬಳಕ್ಕಿಂತ ಕಿಟಕಿಯ ಬಗ್ಗೆ ಹೆಚ್ಚು ಹೊತ್ತು ಮಾತಾಡಿದಳು. ಅದಕ್ಕೆ ಎಷ್ಟು ಸರಳು, ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬೀಳಬಹುದು, ಪರದೆ ಬೇಕೋ ಬೇಡವೋ. ತೊಡಕು ಒಂದೇ. ಅಲ್ಲಿಗೆ ಬಸ್ಸಿರಲಿಲ್ಲ. ಆಟೋದವರು ಮುಂಜಾನೆ ಅತ್ತ ಬರುತ್ತಿರಲಿಲ್ಲ. ಕೆಲಸ ಶುರುವಾಗುವುದು ಬೆಳಗಾಗುತ್ತಿದ್ದಂತೆ. ಅವಳೇ ಕಲಿತು, ಲೈಸೆನ್ಸ್ ಮಾಡಿಸಿ, ಓಡಿಸುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಬರುತ್ತೇನೋ ಇಲ್ಲವೋ ಎಂದು ಅವಳು ಎರಡು ವಾರದಾಚೆಯ ಸೋಮವಾರ ಹೇಳಬೇಕು. ಕೈಯಲ್ಲಿರುವುದು ಅಷ್ಟೇ ದಿನ.

"ಅಷ್ಟಕ್ಕೇನು? ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋಣ. ನಾನು ಬಿಟ್ಟು ಬರ್ತೀನಿ," ಎಂದ ಅವನು. ಹಾಗೆ ಅಂದದ್ದು ಅವನ ಬಾಯಿ. ಬಲಗಾಲು ಆಗಲೇ ಕುರ್ಚಿಯ ಕೆಳಗೆ ನೆಲ ಒತ್ತುತ್ತಿತ್ತು.

"ನಿಜವಾಗ್ಲೂ? ಓಡಿಸ್ತೀರಾ?"

"ಲೈಸೆನ್ಸ್ ಇದೆ, ಕೈಕಾಲು ಇದೆ. ಇನ್ನೇನು ಬೇಕು?"

ಮರುದಿನ ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ, ಇನ್ನೂ ಯಾರೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಕೂಲಿನ ಹಳೆಯ ಮೋಟರ್‌ಸೈಕಲ್ ಹತ್ತಿದ. ಮೊದಲ ಗೇರಿನಲ್ಲೇ ಪ್ಲಾಸ್ಟಿಕ್ ಕೋನುಗಳ ಸುತ್ತ ನಾಲ್ಕು ಸುತ್ತು ಹಾಕಿದ. ಪಕ್ಕದಲ್ಲಿ ನಡೆದುಹೋಗುತ್ತಿದ್ದ ಹಾಲಿನವನು ಇವನಿಗಿಂತ ಮುಂದೆ ಹೋದ. ಆದರೂ ಸಂಜೆ ಮನೆಗೆ ಬಂದು "ರೈಡಿಂಗ್ ಮತ್ತೆ ಶುರು ಮಾಡಿದೆ" ಎಂದು ಹೇಳಿದಾಗ, ಆ ಮಾತಿನಲ್ಲಿ ಹುಡುಕಿದರೂ ಸುಳ್ಳು ಸಿಗುತ್ತಿರಲಿಲ್ಲ.

ನಿಂತ ಗಾಡಿಯ ವಿಷಯದಲ್ಲಿ ಅವನು ಪಂಡಿತನೇ. ಊಟ ಮಾಡುವಾಗಲೂ ಮೊಬೈಲಿನಲ್ಲಿ ಹಳೆಯ ಗಾಡಿ ಕೊಳ್ಳುವವರಿಗೆ ಬುದ್ಧಿ ಹೇಳುವ ವಿಡಿಯೋಗಳನ್ನು ನೋಡಿದ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟು ರೋಗ ಮುಚ್ಚಿಡುತ್ತಾರೆ, ಆದ್ದರಿಂದ ಇಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಬೇಕು. ಚೈನು ಎಳೆದು ನೋಡಬೇಕು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ಹಿಡಿದಿದೆಯೇ ನೋಡಬೇಕು. ಇಷ್ಟೆಲ್ಲ ತಲೆಗೆ ತುಂಬಿಕೊಂಡು ಮೊದಲ ಗಾಡಿ ನೋಡಲು ಹೋದ.

ಅದು ಬೇಕರಿಯವನ ಗಾಡಿ. ಇವನು ಕುಕ್ಕರುಗಾಲಲ್ಲಿ ಕೂತು, ಎದ್ದು, ಬಗ್ಗಿ, ಮೂಸಿ ನೋಡಿದ ರೀತಿಗೆ ಬೇಕರಿಯವನು ಬೆರಗಾದ. "ಸರ್, ನಿಮ್ಮಂಥೋರ ಕೈಲಿ ಗಾಡಿ ಇದ್ರೆ ನನಗೂ ಸಮಾಧಾನ. ತಗೊಳ್ಳಿ, ಒಂದು ರೌಂಡ್ ಹೋಗಿಬನ್ನಿ," ಎಂದು ಕೀ ಕೊಟ್ಟ.

ಇವನು ಕೀಯನ್ನು ಅಂಗೈಯಲ್ಲಿಟ್ಟು ನೋಡಿದ. ಆಮೇಲೆ ಹಿಂದಕ್ಕೆ ಕೊಟ್ಟ.

"ಬೇಡ, ನೀವೇ ಓಡಿಸಿ. ನಾನು ಹಿಂದೆ ಕೂರ್ತೀನಿ. ಹಿಂದೆ ಕೂತ್ರೇನೇ ಗಾಡಿಯ ನಿಜ ಗೊತ್ತಾಗೋದು."

ಹೇಳಿದ ಮೇಲೆ ಅವನಿಗೇ ಅದು ಹೌದೆನ್ನಿಸಿತು. ಬಾಯಿಗೆ ಬಂದ ನೆಪ ಇಷ್ಟು ಚೆನ್ನಾಗಿ ಕೂತದ್ದು ಅವನ ಜೀವಮಾನದಲ್ಲೇ ಮೊದಲು. ಬೇಕರಿಯವನು ಬಿಸಿ ತಟ್ಟೆ ಕೈಬಿಟ್ಟ ಹಾಗೆ ಕ್ಲಚ್ಚು ಬಿಡುತ್ತಿದ್ದ. ಪ್ರತಿ ಗೇರಿಗೂ ಇವನ ಹಣೆ ಹೋಗಿ ಅವನ ಬೆನ್ನಿಗೆ ಬಡಿಯಿತು. ಮನೆಗೆ ಬಂದು, "ಗಾಡಿ ಜರ್ಕ್ ಹೊಡೆಯುತ್ತೆ, ಬೇಡ" ಎಂದ.

ಎರಡನೆಯದು ಜಿಮ್ಮಿನಲ್ಲಿ ಕಸರತ್ತು ಮಾಡಿಸುವವನದು. ಆತನ ಹಿಂದೆ ಕೂತವನಿಗೆ ಆ ಬೆನ್ನು ಬಿಟ್ಟರೆ ರಸ್ತೆಯೂ ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. "ಏರಿನಲ್ಲಿ ಎಳೆಯೋಕೆ ತುಂಬಾ ಕಷ್ಟಪಡುತ್ತೆ," ಎಂದು ಹೆಂಡತಿಗೆ ವರದಿ ಒಪ್ಪಿಸಿದ.

"ಆಯಪ್ಪನ್ನ ಜಿಮ್ ಗೇಟಲ್ಲಿ ನೋಡಿದೀನಿ. ಒಬ್ಬನೇ ಇಬ್ಬರಷ್ಟಿದಾನೆ. ಮೂರು ಜನ ಕೂತ್ರೆ ಯಾವ ಗಾಡಿ ರೀ ಹಾಡ್ತಾ ಏರು ಹತ್ತುತ್ತೆ?"

"ಇಂಜಿನ್ ಇಂಜಿನ್ನೇ," ಎಂದ ಇವನು. ಅದರ ಅರ್ಥ ಅವನಿಗೂ ತಿಳಿದಿರಲಿಲ್ಲ.

ಮೂರನೆಯದು ಲೆಕ್ಕದ ಪಾಠ ಹೇಳುವ ಟ್ಯೂಷನ್ ಮೇಷ್ಟ್ರದು. ಗಾಡಿ ಚಿನ್ನದಂತಿತ್ತು, ಓಡಿಸುವವರು ಮಾತ್ರ ಮೊದಲ ದಿನ ಸ್ಕೂಲಿಗೆ ಬಂದ ಮಗುವಿನಂತೆ ನಡುಗುತ್ತಿದ್ದರು. ಹಿಂದೆ ಕೂತವನಿಗೆ ತಡೆಯಲಾಗಲಿಲ್ಲ. ಕಸುಬು ಎದ್ದುಬಂತು. "ಭಯ ಬೇಡ. ಕ್ಲಚ್ ಪೂರ್ತಿ ಹಿಡೀರಿ. ಈಗ ಗೇರು. ಬಿಡಿ, ನಿಧಾನಕ್ಕೆ ಬಿಡಿ... ಹ್ಞಾಂ! ಕಣ್ಣು ಗುಂಡಿ ಮೇಲೆ ಬೇಡ, ದಾರಿ ಮೇಲಿರ್ಲಿ." ಬಡಾವಣೆಯ ರಸ್ತೆಗಳನ್ನೆಲ್ಲ ಸುತ್ತಿ ವಾಪಸು ಬರುವ ಹೊತ್ತಿಗೆ ಗಾಡಿ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಇದೇ ಗಾಡಿ, ಇನ್ನು ಮಾತಿಲ್ಲ ಎಂದು ಇಳಿದ.

ಟ್ಯೂಷನ್ ಮೇಷ್ಟ್ರು ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಸಾರ್, ತಪ್ಪು ತಿಳ್ಕೋಬೇಡಿ. ಗಾಡಿ ಕೊಡಲ್ಲ."

"ಯಾಕೆ ಸಾರ್?"

"ಇಷ್ಟು ದಿನ ಗಾಡೀಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ. ಅದಕ್ಕೇ ಮಾರ್ತಿದ್ದೆ. ಈಗ ನೋಡಿದ್ರೆ ಗಾಡಿ ಎಷ್ಟು ಚೆನ್ನಾಗಿದೆ! ನಿಮ್ಮ ಉಪಕಾರ ಮರೆಯಲ್ಲ. ಏ, ಇವರಿಗೆ ಟೀ ಕೊಡೇ!"

ಟೀ ಕುಡಿದು, ಅವರ ಹೆಂಡತಿ ಬೇಡವೆಂದರೂ ಕೈಗಿಟ್ಟ ಬಿಸ್ಕತ್ತಿನ ಪೊಟ್ಟಣ ಹಿಡಿದು ನಡೆದೇ ಮನೆಗೆ ಬಂದ.

"ಗಾಡಿ ಎಲ್ರೀ?"

ಅವನು ಬಿಸ್ಕತ್ತು ತೋರಿಸಿದ.

ನಡೆದದ್ದು ಕೇಳಿ ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುರಿದ ಹಲ್ಲು ಕಂಡಿತು, ತಿರುವು ಕಂಡಿತು, ಅವನು ಕಣ್ಣು ತಗ್ಗಿಸಿ ಪೊಟ್ಟಣ ಬಿಚ್ಚತೊಡಗಿದ. ಅವಳ ನಗು ನಿಂತಿತು.

"ಒಂದು ಕೇಳ್ತೀನಿ, ನಿಜ ಹೇಳಿ. ಮೂರು ಗಾಡೀಲಿ ಒಂದನ್ನಾದ್ರೂ ನೀವು ಓಡಿಸಿ ನೋಡಿದ್ರಾ?"

ಪೊಟ್ಟಣ ಬಿಚ್ಚುವುದು ಇದ್ದಕ್ಕಿದ್ದಂತೆ ಬಹಳ ಕಷ್ಟದ ಕೆಲಸವಾಯಿತು.

"ನೀವು ಗಾಡಿ ನೋಡೋಕೆ ಹೋಗಿಲ್ಲ," ಎಂದಳು. ಬೈಯುವ ದನಿಯಲ್ಲ ಅದು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಬೇರೆಯವರು ಹೇಗೆ ಓಡಿಸ್ತಾರೆ ಅಂತ ನೋಡೋಕೆ ಹೋಗಿದೀರಿ. ಹೋಗ್ಲಿ ಬಿಡಿ. ನಾಳೆ ಸೋಮವಾರ. ಆಗಲ್ಲ ಅಂತ ಹೇಳ್ಬಿಡ್ತೀನಿ. ಮೆಟ್ಟಿಲ ಕೆಳಗೆ ಬೇಸಿಗೇಲಿ ತಂಪಾಗಿರುತ್ತೆ, ಅದೂ ಒಂದು ಸುಖವೇ."

ಆ ಸುಖದ ಮಾತು ಕೇಳಿ ಅವನು ಪೊಟ್ಟಣವನ್ನು ಬಿಚ್ಚದೆಯೇ ಕೆಳಗಿಟ್ಟ. ಎದ್ದು ಹೊರಗೆ ಬಂದು ಸ್ಕೂಲಿನ ಮಾಲೀಕರಾದ ಮೇಡಂಗೆ ಫೋನು ಮಾಡಿದ.

"ನಮ್ಮ ಬೀದೀಲೇ ಒಂದಿದೆ," ಎಂದರು ಮೇಡಂ. "ಗಾಡಿ ಚೆನ್ನಾಗಿದೆ. ಆದ್ರೆ ಬಂದೋರನ್ನೆಲ್ಲ ವಾಪಸ್ ಕಳಿಸ್ತಾರೆ ಆ ಗಂಡ ಹೆಂಡ್ತಿ. ನೋಡು, ನಿನ್ನ ಅದೃಷ್ಟ."

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಅಲ್ಲಿಗೆ ಹೋದರು. ಈ ಸಲ ಹೆಂಡತಿಯೂ ಬಂದಿದ್ದಳು, ಕಾವಲಿಗೆ ಎನ್ನುವಂತೆ.

ಮನೆಯ ಮುಂದಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಹಳೆಯದು, ಕಪ್ಪು ಬಣ್ಣದ್ದು, ಟ್ಯಾಂಕಿನ ಎರಡೂ ಬದಿ ಮೊಣಕಾಲು ತಾಗಿ ತಾಗಿ ಬಣ್ಣ ಮಾಸಿತ್ತು. ಬಾಗಿಲು ತೆರೆದ ಹಿರಿಯ ಹೆಂಗಸು ಇಬ್ಬರನ್ನೂ ಮೇಲಿಂದ ಕೆಳಗೆ ಅಳೆದರು. ಅವರ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಊರಿನ ಎತ್ತರದ ಕಟ್ಟಡಗಳಿಗೆಲ್ಲ ಈ ಗಾಡಿಯಲ್ಲೇ ಸುತ್ತಿದವರು. ಈಗ ಕಣ್ಣು ಮಂದವಾಗಿ ಡಾಕ್ಟರು ಬೇಡವೆಂದಿದ್ದರು. ಗಾಡಿ ಮಾರುವುದನ್ನು ನೋಡಲಾರೆ ಎಂದು ಆತ ಒಳಕೋಣೆಯಲ್ಲೇ ಕೂತಿದ್ದರು. ಕೂತಿದ್ದರು ಅಷ್ಟೇ, ಆ ಕೋಣೆಯ ಕಿಟಕಿ ಶೆಡ್ಡಿಗೇ ತೆರೆದಿತ್ತು.

"ಯಾರು ಬಂದಿದಾರೆ?" ಎಂದು ಕಿಟಕಿ ಕೇಳಿತು.

"ಡ್ರೈವಿಂಗ್ ಸ್ಕೂಲ್ ಮೇಷ್ಟ್ರಂತೆ ರೀ!"

"ಮೇಷ್ಟ್ರುಗಳಿಗೆ ಓಡ್ಸೋಕೆ ಬರಲ್ಲ. ಹೇಳೋಕೆ ಮಾತ್ರ ಬರುತ್ತೆ," ಎಂದಿತು ಕಿಟಕಿ. ಇವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವನು ಇಂಜಿನ್ ಮುಟ್ಟಿದ, ತಣ್ಣಗಿತ್ತು. ಚೈನು, ಟೈರು, ಟ್ಯಾಂಕು, ಎಲ್ಲ ನೋಡಿದ. ಏನೂ ಕುಂದಿರಲಿಲ್ಲ, ಅದು ಅವನಿಗೆ ಅಷ್ಟೇನೂ ಸಂತೋಷ ಕೊಡಲಿಲ್ಲ. ಹಿರಿಯಾಕೆ ಒಳಗೆ ಹೋಗಿ ಕೀ ತಂದುಕೊಟ್ಟು ಮತ್ತೆ ಒಳಗೆ ಹೋದರು. ಇವನು ಗಾಡಿಯನ್ನು ಬೀದಿಗೆ ತಳ್ಳಿ, ಸ್ಟ್ಯಾಂಡ್ ಹಾಕಿ, ತಾನು ತಂದಿದ್ದ ಹೆಲ್ಮೆಟ್ ಹಾಕಿಕೊಂಡು, ಕಾಲು ಬೀಸಿ ಹತ್ತಿ ಕೂತ. ಕೂತು, ಗದ್ದ ಎತ್ತಿ, ಯಾರೋ ಬರಬೇಕಾದವರಿಗಾಗಿ ಕಾಯತೊಡಗಿದ.

ಹಿರಿಯಾಕೆ ಕಾಲಿಗೆ ಬೂಟು, ತಲೆಗೆ ಹಳೆಯ ಕೆಂಪು ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದರು. ಗಾಡಿಯ ಪಕ್ಕ ನಿಂತು ಇವನನ್ನು ನೋಡಿದರು.

"ಅಪ್ಪಾ, ನೀನು ಕೂತಿರೋದು ನನ್ನ ಜಾಗ."

ನೋಡಿಕೊಂಡರೆ, ಅವನು ಹಿಂದಿನ ಸೀಟಿನಲ್ಲಿದ್ದ. ಮುಂದಿನ ಸೀಟು ಖಾಲಿಯಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿದ್ದರು.

"ಅಲ್ಲಮ್ಮಾ, ನೀವು ಓಡಿಸ್ತೀರಿ ಅಂತ..."

"ನಾನಾ? ನಾನು ಸೈಕಲ್ಲೂ ಹತ್ತಿದವಳಲ್ಲ. ಈ ಗಾಡೀಲಿ ನನಗೆ ಗೊತ್ತಿರೋದು ಹಿಂದಿನ ಸೀಟು ಒಂದೇ. ಆದ್ರೆ ಅದು ಚೆನ್ನಾಗಿ ಗೊತ್ತು. ಬಂದೋರು ಯಾರಾದ್ರೂ ಸರಿ, ನನ್ನನ್ನ ಕೂರಿಸ್ಕೊಂಡು ಒಂದು ಸುತ್ತು ಬರ್ಬೇಕು. ಆಮೇಲೆ ಮಾತು. ಕಂಡಕಂಡೋರ ಕೈಗೆ ಕೊಡೋಕೆ ಇದೇನು ಹಳೇ ಬಕೆಟ್ಟಾ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಗೇಟಿಗೆ ಒರಗಿ ನಿಂತಿದ್ದಳು. ನಗುತ್ತಿರಲಿಲ್ಲ, ತಲೆಯಾಡಿಸಲೂ ಇಲ್ಲ. ನಾಳೆ ಬೆಳಿಗ್ಗೆ ಮೆಟ್ಟಿಲ ಕೆಳಗೆ ಕೂರಲು ಆಗಲೇ ಕುತ್ತಿಗೆ ಸ್ವಲ್ಪ ಬಗ್ಗಿಸಿದವಳ ಹಾಗೆ ಕಂಡಳು.

ಅವನು ಜರುಗಿ ಮುಂದೆ ಬಂದ. ಒಂದು ಸೀಟಿನಿಂದ ಇನ್ನೊಂದಕ್ಕೆ ಒಂದು ಮೊಳವೂ ಇರಲಿಲ್ಲ. ಅಷ್ಟಕ್ಕೇ ಬೆನ್ನು ಬೆವತಿತು.

ಒಂದೇ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ಹೊರಟಿತು. ಹೊರಟು, ನಾಲ್ಕು ಮಾರು ಹೋಗಿ, ನಿಂತಿತು. ಬೆಕ್ಕೊಂದು ಕಾಂಪೌಂಡಿನ ಮೇಲೆ ಮಲಗಿತ್ತು. ಅದು ಇಳಿದು ಬಂದೀತೆಂದು ಬಲಗಾಲು ತೀರ್ಮಾನಿಸಿತ್ತು. ಮತ್ತೆ ಹೊರಟಿತು. ಬಾಗಿಲೊಂದು ಅರ್ಧ ತೆರೆದಿತ್ತು, ನಿಂತಿತು. ಚೆಂಡು ಹಿಡಿದು ಸುಮ್ಮನೆ ನಿಂತಿದ್ದ ಮಗುವಿನ ಮುಂದೆ ನಿಂತಿತು. ಪ್ರತಿ ಸಲವೂ ಹಿಂದಿನ ಹೆಲ್ಮೆಟ್ಟು ಬಂದು ಇವನ ಹೆಲ್ಮೆಟ್ಟಿಗೆ ಟಣ್ ಎಂದು ಬಡಿಯಿತು.

"ಇದು ಬಸ್ಸಾ? ಸ್ಟಾಪು ಸ್ಟಾಪಿಗೂ ನಿಲ್ಲಿಸ್ತೀಯಲ್ಲ. ಯಾರನ್ನ ಹತ್ತಿಸ್ಕೊಳ್ಬೇಕು?"

ದೂರದ ಕಿಟಕಿಯಿಂದ ದನಿ ಕೇಳಿತು: "ಗೇರು ಬದಲಾಯ್ಸೋಕೆ ಹೇಳೇ! ಅರಚ್ತಾ ಇದೆ!"

"ಅದು ಪಕ್ಕದ್ಮನೆ ಮಿಕ್ಸಿ ಕಣ್ರೀ!" ಎಂದು ಹಿರಿಯಾಕೆ ಹಿಂದೆ ತಿರುಗಿ ಕೂಗಿದರು.

ಬೀದಿಯ ಕೊನೆಗೆ ತಿರುವಿತ್ತು. ಯಾರೋ ಮನೆ ಕಟ್ಟಿಸುತ್ತಿದ್ದರು, ತಿರುವಿನುದ್ದಕ್ಕೂ ಜಲ್ಲಿಪುಡಿ ಹರಡಿತ್ತು. ಗಾಡಿ ಅದರಿಂದ ಬಹಳ ದೂರದಲ್ಲೇ ನಿಂತಿತು, ಇಂಜಿನ್ನೂ ಆರಿತು. ಅವನ ಎರಡೂ ಕಾಲು ನೆಲಕ್ಕೆ ಅಂಟಿದ್ದವು. ಜಲ್ಲಿಪುಡಿಯಲ್ಲಿ ಅವನಿಗೆ ಕಂಡದ್ದು ಸಿಕ್ಕದೇ ಹೋದ ಹಲ್ಲಿನ ಚೂರು.

"ಅಮ್ಮಾ, ನೀವು ಇಳಿದು ಸ್ವಲ್ಪ ನಡೀತೀರಾ? ಆ ಕಡೆ ಹತ್ತಿಸ್ಕೊಳ್ತೀನಿ."

"ಇಳಿಯೋಕೆ ನಾನು ಬಂದಿಲ್ಲ." ದನಿ ಮೆತ್ತಗಾಗಿತ್ತು. "ಏನಪ್ಪಾ, ಬಿದ್ದಿದ್ಯಾ ಯಾವಾಗ್ಲಾದ್ರೂ?"

"ಹ್ಞೂಂ."

"ಹಿಂದೆ ಯಾರಿದ್ರು?"

"ಇವಳೇ. ಗೇಟ್ ಹತ್ರ ನಿಂತಿದಾಳಲ್ಲ."

"ಅವಳು ಮತ್ತೆ ಕೂರ್ತೀನಿ ಅಂತಾಳಾ?"

"ಕೂರ್ತಾಳೆ."

"ಅವಳಿಗಿಲ್ಲದ ಭಯ ನಿನಗೇನು? ನಮ್ಮನೆಯವರು ನನ್ನನ್ನ ಎರಡು ಸಲ ಬೀಳಿಸಿದಾರೆ. ಒಂದು ಸಲ ಕೆಸರಿಗೆ. ಆ ಸೀರೆ ಈಗ ನೆಲ ಒರೆಸೋಕೆ ಇದೆ, ಒರೆಸುವಾಗೆಲ್ಲ ತೋರಿಸ್ತೀನಿ ಅವರಿಗೆ." ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು ಕೇಳಿದರು: "ಸ್ಕೂಲಲ್ಲಿ ಹೆದರಿದೋರು ಬಂದ್ರೆ ಏನ್ ಹೇಳ್ತೀಯ?"

ಏನು ಹೇಳುತ್ತೇನೆ? ಅವನು ಯೋಚಿಸಲಿಲ್ಲ. ಸಾವಿರ ಸಲ ಹೇಳಿದ ಮಾತು ನಾಲಿಗೆಗೆ ತಾನೇ ಬಂತು.

"ಭಯ ಬೇಡ," ಎಂದ, ಜೋರಾಗಿ, ಬಿಳಿ ಕಾರಿನ ದನಿಯಲ್ಲಿ. "ನಾನಿದೀನಿ. ಸ್ಟಾರ್ಟ್ ಮಾಡಿ. ಹ್ಞಾಂ. ಕ್ಲಚ್ ಪೂರ್ತಿ ಹಿಡೀರಿ. ಒಂದನೇ ಗೇರು. ನಿಧಾನಕ್ಕೆ ಬಿಡಿ."

ಗಾಡಿ ಕದಲಿತು.

"ಬಲಗಾಲು ಸುಮ್ನಿರ್ಲಿ. ಯಾರೂ ಅಡ್ಡ ಬಂದಿಲ್ಲ. ಕಣ್ಣು ಜಲ್ಲಿ ಮೇಲೆ ಬೇಡ, ದಾರಿ ಮೇಲಿರ್ಲಿ. ನೇರ ಹಿಡೀರಿ, ಸರಕ್ಕನೆ ತಿರುಗಿಸ್ಬೇಡಿ... ಒಳ್ಳೇದು... ಹಾಗೇ..."

"ಯಾರಿಗಪ್ಪಾ ಹೇಳ್ತಿದೀಯ?" ಎಂದರು ಹಿಂದಿನವರು.

"ಮುಂದೆ ಕೂತಿರೋನಿಗಮ್ಮಾ. ಇನ್ನೂ ಕಲೀತಿದಾನೆ."

ಚಕ್ರದ ಕೆಳಗೆ ಜಲ್ಲಿಪುಡಿ ಕರಕರ ಎಂದಿತು. ಹಿಂಬದಿ ಕೊಂಚ ಅಲುಗಿತು. ಎದೆ ಬಾಯಿಗೆ ಬಂತು. ಬಾಯಿ ಮಾತ್ರ ಪಾಠ ನಿಲ್ಲಿಸಲಿಲ್ಲ. ತಿರುವು ದಾಟಿತು. ಎರಡನೇ ಗೇರು ಹಾಕಿಸಿದ, ಮೂರನೆಯದನ್ನೂ ಹಾಕಿಸಿದ. ಹಿರಿಯಾಕೆ ಇವನ ಭುಜ ತಟ್ಟಿ, "ಮೂರಕ್ಕೆ ನಮ್ಮನೆಯವರು ಇನ್ನೂ ಸ್ವಲ್ಪ ತಡೀತಾ ಇದ್ರು, ಆಗ ಕೂತೋರಿಗೆ ತೊಟ್ಟಿಲು ತೂಗಿದ ಹಾಗಿರುತ್ತೆ," ಎಂದರು. ಮುಂದಿನ ಸಲ ತಡೆದ. ತೊಟ್ಟಿಲು ತೂಗಿತು. ಬಡಾವಣೆಯ ಆಚೆಯ ಅಗಲ ರಸ್ತೆಗೆ ಬಂದಾಗ ಮುಖಕ್ಕೆ ಗಾಳಿ ಹೊಡೆಯಿತು. ವರ್ಷಗಳಿಂದ ಗಾಳಿಯನ್ನು ಬೇರೆಯವರ ಭುಜದ ಪಕ್ಕದಿಂದ ಅಷ್ಟಿಷ್ಟು ತಿಂದಿದ್ದವನಿಗೆ ಅದು ಪೂರ್ತಿ ಊಟವಾಯಿತು.

"ಇನ್ನೊಂದು ಸುತ್ತು ಹೋಗೋಣ್ವಾ?" ಎಂದು ಕೇಳಿದ್ದು ಅವರೇ. ಹೋದರು.

ವಾಪಸು ಬಂದಾಗ ಲಿಫ್ಟಿನವರು ಒಳಕೋಣೆ ಬಿಟ್ಟು ಗೇಟಿಗೆ ಬಂದಿದ್ದರು. ಇವನ ಹೆಂಡತಿಯ ಪಕ್ಕ ನಿಂತು, ಮಂದ ಕಣ್ಣನ್ನು ಬೀದಿಯ ಕಡೆ ತಿರುಗಿಸಿ ಕಿವಿಗೊಟ್ಟಿದ್ದರು.

"ಏನೇ, ಹೇಗೆ?" ಎಂದು ಕೇಳಿದರು.

ಹಿರಿಯಾಕೆ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡರು. "ಮಾತು ಜಾಸ್ತಿ. ಬ್ರೇಕು ಜಾಸ್ತಿ. ಕೊಡಬಹುದು."

"ನಿನಗೆ ಒಪ್ಪಿಗೆಯಾ?"

"ಹಿಂದೆ ಕೂತೋರ ಬಗ್ಗೆ ಯೋಚನೆ ಮಾಡ್ತಾನೆ ರೀ. ಕೊಡೋಣ." ಆಮೇಲೆ ಆ ಕೆಂಪು ಹೆಲ್ಮೆಟ್ಟನ್ನು ಒಮ್ಮೆ ಸೆರಗಿನಿಂದ ಒರೆಸಿ ಇವನ ಹೆಂಡತಿಯ ಕೈಗಿಟ್ಟರು. "ಇದು ಗಾಡಿ ಜೊತೇದು. ಹಾಕ್ಕೊಂಡು ನೋಡಮ್ಮ, ಬಿಗಿಯಾಗುತ್ತಾ?"

ಬಿಗಿಯಾಗಲಿಲ್ಲ. ಬೆಲೆಯ ಮಾತು ಒಳಗೆ ಕೂತು ಟೀ ಕುಡಿಯುವಷ್ಟರಲ್ಲಿ ಮುಗಿಯಿತು. ಲಿಫ್ಟಿನವರು ಹೊರಡುವಾಗ ಟ್ಯಾಂಕಿನ ಮೇಲೆ ಒಮ್ಮೆ ಅಂಗೈ ಇಟ್ಟು, "ಭಾನುವಾರ ಪುರುಸೊತ್ತಿದ್ರೆ ಇವಳನ್ನ ಒಂದು ಸುತ್ತು ಕರ್ಕೊಂಡು ಹೋಗಪ್ಪ. ನಾನು ಕಿಟಕೀಲಿ ಕೇಳ್ತಿರ್ತೀನಿ," ಎಂದರು.

ಹೆಂಡತಿ ಹಿಂದೆ ಕೂತು ಅವನ ಸೊಂಟದ ಹತ್ತಿರ ಅಂಗಿ ಹಿಡಿದುಕೊಂಡಳು. ಅವನು ಸ್ವಲ್ಪ ಹೊತ್ತು ಹೊರಡಲೇ ಇಲ್ಲ.

"ಏನಾಯ್ತು?"

"ನಾನು ಸ್ವಲ್ಪ ಮಾತಾಡ್ಕೊಂಡು ಓಡಿಸ್ತೀನಿ. ನಗಬೇಡ."

"ನಗ್ತೀನಿ," ಎಂದಳು ಅವಳು. "ನೀವು ಮಾತಾಡಿ."

ಸೋಮವಾರ ಅವಳು ಪ್ರೆಸ್ಸಿನಲ್ಲಿ ಬರುತ್ತೇನೆಂದು ಹೇಳಿದಳು. ಈಗ ದಿನಾ ಬೆಳಿಗ್ಗೆ ಅವಳನ್ನು ಊರಾಚೆ ಬಿಟ್ಟು, ಏಳರ ಕ್ಲಾಸಿಗೆ ಅವನು ಬಿಳಿ ಕಾರಿಗೆ ಮರಳುತ್ತಾನೆ. ಬಲಗಾಲು ಪೂರ್ತಿ ಸುಧಾರಿಸಿಲ್ಲ. ಅವಳಿಗೆ ಕಲಿಸುವುದೂ ಶುರುವಾಗಿದೆ. ಸ್ಕೂಲಿನ ಮೈದಾನದಲ್ಲಿ ಅವಳು ಮುಂದೆ ಕೂತು ಇವನನ್ನು ಹಿಂದೆ ಕೂರಿಸಿಕೊಂಡಾಗ, ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅವಳ ಷರತ್ತು. ಅದಕ್ಕಿಂತ ಕಷ್ಟದ ಸವಾರಿಯನ್ನು ಅವನು ಕಂಡಿಲ್ಲ.

ಹೊಸ ಘಟಕದ ಹೆಂಗಸರು ಮಾತ್ರ ಬೇರೆಯೇ ತಿಳಿದುಕೊಂಡಿದ್ದಾರೆ. ದೊಡ್ಡ ಕಿಟಕಿಯಿಂದ ಬಯಲ ದಾರಿ ಬಹುದೂರದವರೆಗೆ ಕಾಣುತ್ತದೆ. ಆ ದಾರಿಯಲ್ಲಿ ಕಪ್ಪು ಗಾಡಿ ನಿಧಾನವಾಗಿ ಬರುವುದು, ಮುಂದೆ ಕೂತವನ ಬಾಯಿ ಒಂದೇ ಸಮನೆ ಆಡುವುದು, ಹಿಂದೆ ಕೆಂಪು ಹೆಲ್ಮೆಟ್ಟಿನವಳು ಮುರಿದ ಹಲ್ಲು ತೋರಿಸಿ ನಗುವುದು, ಎಲ್ಲ ಅವರಿಗೆ ಕಾಣುತ್ತದೆ.

"ಮೇಡಂ, ನಿಮ್ಮನೆಯವರು ದಾರಿಯುದ್ದಕ್ಕೂ ನಿಮ್ಮ ಹತ್ರ ಎಷ್ಟು ಮಾತಾಡ್ತಾರೆ ಅಲ್ವಾ! ನಮ್ಮವರು ಗಾಡಿ ಹತ್ತಿದ್ರೆ ಮೂಗಬಸವನ ಹಾಗೆ. ಪುಣ್ಯ ಮಾಡಿದೀರಿ ನೀವು," ಎಂದಳು ಒಬ್ಬಳು ನಿಟ್ಟುಸಿರು ಬಿಟ್ಟು.

ಅವಳು ದಾರ ಪೋಣಿಸುತ್ತಾ ಕಿಟಕಿಯಾಚೆ ನೋಡಿದಳು. ವಾಪಸು ಹೋಗುತ್ತಿದ್ದ ಗಾಡಿ ಇನ್ನೂ ಕಾಣುತ್ತಿತ್ತು. ಹಿಂದಿನ ಸೀಟು ಖಾಲಿಯಿದ್ದರೂ ಅವನ ತಲೆ ಯಾರಿಗೋ ಪಾಠ ಹೇಳುವಂತೆ ಆಡುತ್ತಿತ್ತು.

"ಹೌದು, ಮಾತು ಸ್ವಲ್ಪ ಜಾಸ್ತಿ," ಎಂದಳು.